ಕ್ರಿಯಾಪದ ವಿಚಾರ: ಕನ್ನಡ, ಇಂಗ್ಲಿಷು, ಪೋಲಿಷು

ಹಾನಗಲ್ಲ ಸೀಮೆಯ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ವಾಕ್ಯರಚನೆ ಮಾಡುವಾಗ ಪದೇ ಪದೇ ಎಡವುವ ಸ್ಥಳವೊಂದುಂಟು. ‘ನಾನು ಹತ್ತು ವರ್ಷದಿಂದ ಇಲ್ಲಿ ಇದ್ದೇನೆ’ ಎಂಬುದನ್ನು ಅವನು ‘ಐ ಆ್ಯಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆಯುತ್ತಾನೆ. ಅದರ ಮೇಲೆ ಕೆಂಪು ಗೆರೆ ಬೀಳುತ್ತದೆ. ಇಂಗ್ಲಿಷಾದರೋ ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂಬ ರೂಪವನ್ನೇ ಬೇಡುತ್ತದೆ. ಇದನ್ನು ಹುಡುಗನ ಮಂದಬುದ್ಧಿಯೆಂದು ಎಣಿಸುವುದು ನ್ಯಾಯವಲ್ಲ. ಇಂಗ್ಲಿಷು ಕಲಿಯುವ ಪೋಲೆಂಡ್ ದೇಶದ ವಿದ್ಯಾರ್ಥಿಯೂ ಇದೇ ತಪ್ಪನ್ನು ಮಾಡುತ್ತಾನೆ. ಹಿಂದೆ ಮೊದಲಾಗಿ ಇಂದಿಗೂ ಸಾಗಿರುವ ಸ್ಥಿತಿಯನ್ನು ಅವನ ಭಾಷೆಯೂ ಕನ್ನಡದಂತೆ ವರ್ತಮಾನಕಾಲದಿಂದಲೇ ಹೇಳುತ್ತದೆ. ಪೋಲಿಷು ಕುಲದಿಂದ ಇಂಗ್ಲಿಷಿಗೂ ಸಂಸ್ಕೃತಕ್ಕೂ ಬಂಧು, ದ್ರಾವಿಡವಾದ ಕನ್ನಡಕ್ಕಲ್ಲ. ಆದರೂ ಇಲ್ಲಿ ಅದು ನಮ್ಮ ಪಂಕ್ತಿಯಲ್ಲಿ ಕುಳಿತಿದೆ.

ಲಿಂಗದ ವಿಷಯ ಇನ್ನೂ ಸ್ವಾರಸ್ಯಕರವಾದುದು. ಕನ್ನಡದ ಓದಿದನು, ಓದಿದಳು, ಓದಿತು ಎಂಬ ಮೂರಕ್ಕೂ ಇಂಗ್ಲಿಷಿನಲ್ಲಿ ‘ರೆಡ್’ ಎಂಬುದೊಂದೇ ರೂಪ. ಪೋಲಿಷಿನಲ್ಲಿ ಚಿತಾವ್, ಚಿತಾವಾ, ಚಿತಾವೊ ಎಂದು ಮೂರು. ಆದರೆ ಕಾರಣ ಬೇರೆ. ಕನ್ನಡದ ಅನು, ಅಳು ಎಂಬ ಆಖ್ಯಾತಪ್ರತ್ಯಯಗಳು ಅವನು, ಅವಳು ಎಂಬ ಸರ್ವನಾಮಗಳಿಗೆ ಸಂಬಂಧಿಸಿದವು. ಪೋಲಿಷಿನ ಭೂತರೂಪ ಮೂಲತಃ ಕೃದಂತ. ಗತಃ, ಗತಾ, ಗತಮ್ ಎಂಬ ಸಂಸ್ಕೃತದ ಮಾದರಿಯನ್ನು ನೆನೆದರೆ ತಿಳಿದೀತು. ಆದುದರಿಂದಲೇ ಪೋಲಿಷ್ ಸ್ತ್ರೀಯು ‘ನಾನು ಓದಿದೆ’ ಎನ್ನುವಾಗಲೂ ಲಿಂಗ ತೋರುತ್ತದೆ, ವರ್ತಮಾನದಲ್ಲಿ ತೋರುವುದಿಲ್ಲ. ಕನ್ನಡದಲ್ಲಿ ಇದು ತಿರುಗುಮುರುಗು: ಓದುತ್ತಾನೆ, ಓದುತ್ತಾಳೆ ಎಂಬಲ್ಲಿ ಲಿಂಗವುಂಟು, ‘ಓದಿದೆನು’ ಎಂಬಲ್ಲಿ ಇಲ್ಲ.

ಕ್ರಿಯೆ ನಡೆಯುತ್ತಿತ್ತೋ ಮುಗಿಯಿತೋ ಎಂಬುದಕ್ಕೆ ಪೋಲಿಷಿನಲ್ಲಿ ಚಿತಾಚ್, ಪ್ಷೆಚಿತಾಚ್ ಎಂಬಂತೆ ಜೋಡಿ ಧಾತುಗಳಿವೆ. ಕನ್ನಡವು ‘ಓದಿಬಿಟ್ಟನು’ ಎಂದು ಸಹಾಯಧಾತುವಿನಿಂದ ಆ ಕೆಲಸ ಸಾಗಿಸುತ್ತದೆ.

ಇಂಗ್ಲಿಷಿನ ‘ಹಿ ಕೇಮ್’, ‘ಹಿ ಹ್ಯಾಸ್ ಕಮ್’ ಎಂಬ ಭೇದವನ್ನು ಕಲಿಸಲು ಮಾತ್ರ ದೂರ ಹೋಗಬೇಕಿಲ್ಲ. ಈ ಭಾಗದ ಮನೆಮಾತಿನಲ್ಲಿ ‘ಬಂದ’ ಎಂದರೆ ಬಂದದ್ದಷ್ಟೇ. ‘ಬಂದಾನ’ ಎಂದರೆ ಬಂದು ಈಗ ಇಲ್ಲಿದ್ದಾನೆ. (ಗ್ರಂಥಭಾಷೆಯ ‘ಬಂದಾನು’ ಸಂಭಾವನೆಯ ರೂಪ, ಎರಡನ್ನೂ ಬೆರೆಸಬಾರದು.) ಹಳ್ಳಿಯ ಮಾತೆಂದು ಇದನ್ನು ತರಗತಿಯಿಂದ ಹೊರಗಿಡುವ ಉಪಾಧ್ಯಾಯರು ಕೈಯಲ್ಲಿರುವ ದೀಪವನ್ನು ತಾವೇ ಆರಿಸಿದಂತೆ. ಒಂದು ಎಚ್ಚರಿಕೆ ಬೇಕು: ‘ನಿನ್ನೆ ಬಂದಾನ’ ಎಂಬುದು ಇಲ್ಲಿ ಸಲ್ಲುತ್ತದೆ; ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಸೇರಿದೊಡನೆ ‘ಹ್ಯಾಸ್ ಕಮ್’ ಸಲ್ಲದು, ‘ಕೇಮ್’ ಎಂದೇ ಬರೆಯಬೇಕು.