ಹೊಸ ಅಯ್ಯನವರಿಗೆ

ದೈವಶಾಸ್ತ್ರದ ಬಿ.ಡಿ. ಮುಗಿಸಿ ಮೊದಲ ಸಭೆಗೆ ಹೊರಟಿದ್ದೀರಲ್ಲ, ಪ್ರಸಂಗದ ಚಿಂತೆ ಸ್ವಲ್ಪ ಬದಿಗಿಡಿ. ಶುರುವಿನ ತಿಂಗಳುಗಳನ್ನು ಮನೆಭೇಟಿಗೇ ಕೊಡಿ. ಹಾಸಿಗೆ ಹಿಡಿದ ಅಜ್ಜಿಯ ಪಕ್ಕ ಕೂತು, ಅವರು ಕೇಳಿದ ಕೀರ್ತನೆಯನ್ನು ಅವರ ಕಿವಿಗೆ ಬೀಳುವಂತೆ ನಿಧಾನವಾಗಿ ಓದಿ, ಗಡಿಯಾರ ನೋಡಬೇಡಿ. ಗ್ರೀಕ್, ಹೀಬ್ರೂ ಕಲಿತದ್ದು ದಂಡವೇನಲ್ಲ, ಪ್ರಸಂಗಪೀಠದಲ್ಲಿ ಅದನ್ನು ಮೆರೆಸಬೇಡಿ ಅಷ್ಟೇ. ಜನರ ಮಾತು ಕಲಿಯಿರಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಬಾಸೆಲ್ ಮಿಶನ್ನಿನ ಪಾದ್ರಿಗಳೇ. ನನ್ನ ಲೆಕ್ಕದಲ್ಲಿ ಆ ಭಾಷೆಯ ಕೆಲಸವೂ ಸೇವೆಯೇ.

ನಂಬಿಕೆ ಬತ್ತಿದಂತೆನಿಸುವ ದಿನವೂ ಬರುತ್ತದೆ. ಒಬ್ಬರೇ ನುಂಗಿಕೊಳ್ಳಬೇಡಿ, ಹಿರಿಯ ಸಭಾಪಾಲಕರೊಬ್ಬರ ಹತ್ತಿರ ಹೋಗಿ ಬಾಯಿಬಿಡಿ. ಹಾಂ, ಕಾಣಿಕೆ ಹಣವನ್ನು ಎಂದೂ ಒಬ್ಬರೇ ಎಣಿಸಬೇಡಿ. ಖಜಾಂಚಿ ಎದುರಿಗಿರಲಿ, ಪುಸ್ತಕದಲ್ಲಿ ಅಂದೇ ಸಹಿ ಬೀಳಲಿ.