ಆ ಪತ್ರ ನೀನೇ ಬರೆ

ಮಗಳೇ, ನಿನ್ನೆ ಸಂಜೆ ನೀನು ತೋರಿಸಿದ ಆ ಎಕ್ಸೆಲ್ ಹಾಳೆ ರಾತ್ರಿಯೆಲ್ಲ ನನ್ನ ಕಣ್ಣ ಮುಂದೆಯೇ ಇತ್ತು. ಹದಿನಾಲ್ಕನೇ ಸಾಲಿನಿಂದ ಕೆಳಗೆ ಅಂಕಿಗಳೆಲ್ಲ ಒಂದೊಂದು ಮನೆ ಜಾರಿವೆ. ಒಂದು ಸ್ಯಾಂಪಲ್ಲಿನ ರೀಡಿಂಗ್ ಇನ್ನೊಂದರ ಹೆಸರಿನಲ್ಲಿ ಕೂತಿದೆ. ಸರಿಪಡಿಸಿ ನೋಡಿದರೆ ಗ್ರಾಫ್ ಮಲಗಿಬಿಡುತ್ತದೆ. ಪೇಪರ್ ಅಚ್ಚಾಗಿ ಆರು ತಿಂಗಳಾಯಿತು, ಯಾರೂ ಕೇಳಿಲ್ಲ. "ಸುಮ್ಮನಿದ್ದುಬಿಡಲಾ ಸರ್?" ಅಂದೆ. ಆಗ ನಿನ್ನ ದನಿ ನಡುಗುತ್ತಿತ್ತು.

ಸುಮ್ಮನಿರಬೇಡಮ್ಮ.

2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ ಅವರನ್ನು ನೆನೆ. ಕಿಣ್ವಗಳಿಂದ ಬೀಟಾ-ಲ್ಯಾಕ್ಟಮ್ ತಯಾರಿಸುವ ಬಗ್ಗೆ ಅವರ ತಂಡದ ಪೇಪರ್ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಆಮೇಲೆ ಅದೇ ಪ್ರಯೋಗ ಮತ್ತೆ ಮಾಡಿದರೆ ಆ ಫಲ ಬರಲಿಲ್ಲ. ಲ್ಯಾಬ್ ನೋಟ್‌ಬುಕ್ ತೆಗೆದು ನೋಡಿದರೆ ಮುಖ್ಯ ಪ್ರಯೋಗಗಳಿಗೆ ಆಯಾ ದಿನವೇ ಬರೆದ ಟಿಪ್ಪಣಿಯಿಲ್ಲ, ಮೂಲ ದತ್ತಾಂಶವಿಲ್ಲ. 2020ರ ಜನವರಿ 2, ಹೊಸ ವರ್ಷದ ಮಾರನೇ ದಿನ, ಅರ್ನಾಲ್ಡ್ ತಾವೇ ಟ್ವಿಟರ್‌ನಲ್ಲಿ ಹೇಳಿಕೊಂಡರು: ಪೇಪರ್ ಹಿಂದಕ್ಕೆ ಪಡೆದಿದ್ದೇವೆ, ಸಲ್ಲಿಸುವಾಗ ಕೆಲಸದ ಗಡಿಬಿಡಿಯಲ್ಲಿದ್ದೆ, ನನ್ನ ಪಾಲಿನದನ್ನು ಸರಿಯಾಗಿ ಮಾಡಲಿಲ್ಲ, ಕ್ಷಮಿಸಿ. ಅವರ ಮೇಲಿನ ಗೌರವ ನನಗೆ ಅಂದು ಇಮ್ಮಡಿಯಾಯಿತು.

ನಿನ್ನ ಪೇಪರಿನಲ್ಲಿ ರಿವ್ಯೂ ಹಂತದಲ್ಲೇ ತಪ್ಪು ಕಂಡಿದ್ದರೆ ಸಹಲೇಖಕರೆಲ್ಲರ ಒಪ್ಪಿಗೆ ಪಡೆದು, ಕಾರಣ ತಿಳಿಸಿ ವಾಪಸ್ ತೆಗೆದುಕೊಳ್ಳಬಹುದಿತ್ತು. ಅಚ್ಚಾದ ಮೇಲೆ ದಾರಿ ಬೇರೆ. ತೀರ್ಮಾನ ಉಳಿಯುವಂತಿದ್ದರೆ ತಿದ್ದುಪಡಿ ಸಾಕು. ನಿನ್ನದು ಉಳಿಯುವುದಿಲ್ಲ, ಆದ್ದರಿಂದ ರಿಟ್ರ್ಯಾಕ್ಷನ್ನೇ ಆಗಬೇಕು. ಪೇಪರ್ ಮಾಯವಾಗುವುದಿಲ್ಲ, ಪುಟಪುಟದ ಮೇಲೂ ಅಡ್ಡಲಾಗಿ 'ಹಿಂದಕ್ಕೆ ಪಡೆಯಲಾಗಿದೆ' ಎಂಬ ಮುದ್ರೆ ಹೊತ್ತು ಅಲ್ಲೇ ಇರುತ್ತದೆ. ನಿನಗೆ ಹೆದರಿಕೆ ಅದರದ್ದೇ, ನನಗೆ ಗೊತ್ತು. ಆದರೆ ಜೊತೆಗೊಂದು ಸೂಚನೆಯೂ ಅಚ್ಚಾಗುತ್ತದೆ. ಹಿಂದಕ್ಕೆ ಪಡೆದವರು ಯಾರು, ಏಕೆ, ಅದು ಕೈತಪ್ಪೋ ಮೋಸವೋ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕೆಂಬುದು ಸಂಪಾದಕರ ಲೋಕ ಒಪ್ಪಿಕೊಂಡಿರುವ ನಿಯಮ. ನೀನೇ ಮೊದಲು ಬರೆದರೆ ಅಲ್ಲಿ ನಿನ್ನ ಮಾತು ಇರುತ್ತದೆ. ಬೇರೆಯವರು ಹಿಡಿದುಕೊಟ್ಟರೆ ನಿನ್ನ ಬಗ್ಗೆ ಅವರ ಮಾತು ಇರುತ್ತದೆ.

ಥೀಸಿಸ್ ತಡವಾಗುತ್ತದೆ, ಫೆಲೋಶಿಪ್ ಮುಗಿಯುತ್ತ ಬಂದಿದೆ. ಅದನ್ನು ಹಗುರ ಮಾಡಿ ಹೇಳಲಾರೆ. ಆದರೆ ನಿನ್ನ ಅಂಕಿಯನ್ನು ನಂಬಿ ಯಾವುದೋ ಊರಿನಲ್ಲಿ ಇನ್ನೊಬ್ಬ ಹುಡುಗಿ ಇವತ್ತು ಸ್ಯಾಂಪಲ್ ಅಳೆಯುತ್ತಿರಬಹುದು, ಫಲ ಬರದಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿರಬಹುದು.

ಮೊದಲು ಗೈಡ್‌ಗೆ ಹೇಳು, ಆಮೇಲೆ ಉಳಿದ ಇಬ್ಬರು ಸಹಲೇಖಕರಿಗೆ ಫೋನ್ ಮಾಡು. ಹಳೆಯ ಫೈಲನ್ನು ಅಳಿಸಬೇಡ, ತಪ್ಪಾದದ್ದು ಹಾಗೇ ಇರಲಿ. ನಾಳೆ ಹತ್ತು ಗಂಟೆಗೆ ನೋಟ್‌ಬುಕ್ ತಗೊಂಡು ಬಾ, ಎಡಿಟರ್‌ಗೆ ಬರೆಯೋಣ. ಮೊದಲ ವಾಕ್ಯದಲ್ಲೇ ಹದಿನಾಲ್ಕನೇ ಸಾಲಿನ ವಿಷಯ ಇರಲಿ.