ಕೈಗಡಿಯಾರವೂ ಓಟದ ಅಳತೆಯೂ

ಓಟದ ಅಭ್ಯಾಸಕ್ಕೆ ಎರಡು ಅಳತೆಗಳು ಅವಶ್ಯವಾಗಿವೆ. ಎಷ್ಟು ದೂರ ಓಡಿದೆವೆಂಬುದು ಒಂದು. ಎಷ್ಟು ಹೊತ್ತಿನಲ್ಲಿ ಓಡಿದೆವೆಂಬುದು ಇನ್ನೊಂದು. ಇವೆರಡರಲ್ಲಿ ಯಾವುದೊಂದು ತಪ್ಪಿದರೂ ಅಭ್ಯಾಸದ ಲೆಕ್ಕವೆಲ್ಲವೂ ತಪ್ಪುವುದು. ಈಚೆಗೆ ಎರಡನ್ನೂ ಒಟ್ಟಿಗೆ ತೋರಿಸುವ ಕ್ರೀಡಾ ಕೈಗಡಿಯಾರಗಳು ನಮ್ಮ ಮಕ್ಕಳ ಕೈಗೂ ಬಂದಿವೆ. ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಇಲ್ಲಿ ವಿಚಾರಿಸೋಣ.

ನಾವು ಕಣ್ಣಾರೆ ಕಂಡ ಸಂಗತಿಯೊಂದರಿಂದ ಆರಂಭಿಸುತ್ತೇವೆ. ನಮ್ಮ ವಿದ್ಯಾರ್ಥಿಯೊಬ್ಬನಿಗೆ ಕೊಲ್ಲಿ ದೇಶದಿಂದ ಬಂದ ಸೋದರಮಾವನವರು ಅಂತಹದೊಂದು ಗಡಿಯಾರವನ್ನು ತಂದುಕೊಟ್ಟಿದ್ದರು. ಅವನು ಪ್ರತಿ ಸಂಜೆಯೂ ಶಾಲೆಯ ಮೈದಾನದಲ್ಲಿ, ಗಡಿಯಾರವು 1500 ಮೀಟರ್ ಎಂದು ತೋರಿಸುವವರೆಗೆ ಓಡಿ, 4 ನಿಮಿಷ 50 ಸೆಕೆಂಡುಗಳಲ್ಲಿ ಮುಗಿಸುತ್ತಿದ್ದನು. ಉಪಜಿಲ್ಲಾ ಕ್ರೀಡಾಕೂಟದಲ್ಲಿ ಅದೇ ಓಟಕ್ಕೆ 5 ನಿಮಿಷ 11 ಸೆಕೆಂಡು ಹಿಡಿಯಿತು. ಹುಡುಗನು ಕಣ್ಣೀರಿಡುತ್ತ ಮನೆಗೆ ಹೋದನು. "ಜನರನ್ನು ಕಂಡು ಹೆದರಿದೆ" ಎಂದು ತಂದೆಯವರು ಗದರಿಸಿದರು. ಮರುದಿನ ನಾವು ಟೇಪು ಹಿಡಿದು ಮೈದಾನವನ್ನು ಅಳೆದೆವು. ಗಡಿಯಾರದ 1500 ಮೀಟರು ನೆಲದ ಮೇಲೆ 1400 ಮೀಟರು ಮಾತ್ರವೇ ಆಗಿತ್ತು! 1400 ಮೀಟರನ್ನು 290 ಸೆಕೆಂಡುಗಳಲ್ಲಿ ಓಡುವವನಿಗೆ ಅದೇ ವೇಗದಲ್ಲಿ 1500 ಮೀಟರಿಗೆ ಸುಮಾರು 311 ಸೆಕೆಂಡು, ಎಂದರೆ 5 ನಿಮಿಷ 11 ಸೆಕೆಂಡು ಬೇಕು. ಹುಡುಗನು ಹೆದರಿರಲಿಲ್ಲ, ಅವನ ಕಾಲುಗಳೂ ಸೋತಿರಲಿಲ್ಲ, ಅಳತೆಯೇ ತಪ್ಪಾಗಿತ್ತು.

ಗಡಿಯಾರವು ದೂರವನ್ನು ಅಳೆಯುವ ಬಗೆ ಹೇಗೆ? ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ರೇಡಿಯೋ ಸಂಕೇತಗಳನ್ನು ಕಳುಹಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತನ್ನನ್ನು ಮುಟ್ಟಲು ಹಿಡಿದ ಕಾಲದಿಂದ ಗಡಿಯಾರವು ತಾನಿರುವ ಸ್ಥಳವನ್ನು ಗಣಿಸುತ್ತದೆ. ಅನಂತರ, ಗುರುತಿಸಿದ ಬಿಂದುಗಳನ್ನು ಗೆರೆಗಳಿಂದ ಜೋಡಿಸಿ ಉದ್ದವನ್ನು ಕೂಡಿಸುತ್ತದೆ. ಈ ಸಂಕೇತವು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ 30 ಸೆಂಟಿಮೀಟರ್ ಸಾಗುವುದರಿಂದ, ಕಾಲದಲ್ಲಿ ಅತ್ಯಲ್ಪ ತಪ್ಪಾದರೂ ಸ್ಥಳವು ಪಲ್ಲಟವಾಗುವುದು. ತೆರೆದ ಬಯಲಿನಲ್ಲಿಯೂ ಕೆಲವು ಮೀಟರುಗಳ ವ್ಯತ್ಯಾಸ ಸಹಜ. ಮರಗಳ, ಕಟ್ಟಡಗಳ ಬದಿಯಲ್ಲಿ ಅದು ಇನ್ನೂ ಹೆಚ್ಚು.

ಬಿಂದುಗಳು ಎಡಕ್ಕೂ ಬಲಕ್ಕೂ ಚದುರಿದರೆ ದಾರಿಯು ಅಂಕುಡೊಂಕಾಗಿ, ಓಡಿದ ದೂರಕ್ಕಿಂತ ಹೆಚ್ಚು ತೋರುವುದು. ನಮ್ಮ ಹುಡುಗನಿಗೆ ಆದುದು ಇದೇ. ಬಿಂದುಗಳು ವಿರಳವಾದರೆ ಇದಕ್ಕೆ ವಿರುದ್ಧವಾಗಿ, ತಿರುವಿನ ಕಮಾನು ಬಿಟ್ಟುಹೋಗಿ ಜ್ಯಾರೇಖೆ ಮಾತ್ರ ಉಳಿದು, ದೂರ ಕಡಿಮೆಯಾಗುವುದು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುವವನ ಸ್ಥಳವನ್ನು 5 ಸೆಕೆಂಡುಗಳಿಗೊಮ್ಮೆ ಗುರುತಿಸಿದರೆ, 400 ಮೀಟರಿನ ಸುತ್ತಿನಲ್ಲಿ ಸುಮಾರು 3 ಮೀಟರ್ ಕಳೆದುಹೋಗುತ್ತದೆ.

ಇನ್ನು ಟ್ರ್ಯಾಕಿನ ಅಳತೆಯನ್ನು ನೋಡೋಣ. ಪ್ರಮಾಣಬದ್ಧ ಟ್ರ್ಯಾಕಿನ ಎರಡು ನೇರ ಭಾಗಗಳು ತಲಾ 84.39 ಮೀಟರ್, ತಿರುವಿನ ಒಳ ಅಂಚಿನ ತ್ರಿಜ್ಯ 36.50 ಮೀಟರ್. ಒಳ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆದಾಗ ಸುತ್ತು ಸರಿಯಾಗಿ 400 ಮೀಟರ್ ಆಗುತ್ತದೆ. ಒಂದು ಲೇನಿನ ಅಗಲ 1.22 ಮೀಟರ್. ಆದುದರಿಂದ ಎರಡನೆಯ ಲೇನಿನ ಸುತ್ತು 407.04 ಮೀಟರ್, ಎಂಟನೆಯದು ಸುಮಾರು 453 ಮೀಟರ್. ಕೆಲವು ಗಡಿಯಾರಗಳು ಲೇನಿನ ಸಂಖ್ಯೆಯನ್ನು ಕೇಳಿಕೊಂಡು, ಈ ಅಳತೆಗೆ ತಮ್ಮ ಲೆಕ್ಕವನ್ನು ಹೊಂದಿಸಿಕೊಳ್ಳುತ್ತವೆ. ಆದರೆ ಆ ಏರ್ಪಾಡು ಸಾಮಾನ್ಯವಾಗಿ 400 ಮೀಟರಿನ ಟ್ರ್ಯಾಕಿಗಾಗಿ ಮಾಡಿದುದು. ನಮ್ಮ 200 ಮೀಟರಿನ ಮೈದಾನಕ್ಕೆ ಒದಗುವುದಿಲ್ಲ.

ಕೆಲವೇ ಮೀಟರುಗಳಲ್ಲವೇ ಎಂದು ಯಾರಾದರೂ ಕೇಳಬಹುದು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಮಿಲ್ಖಾ ಸಿಂಗರು 400 ಮೀಟರನ್ನು 45.6 ಸೆಕೆಂಡುಗಳಲ್ಲಿ ಓಡಿ ನಾಲ್ಕನೆಯವರಾದರು. ಮೂರನೆಯವರಾದ ಮಾಲ್ಕಮ್ ಸ್ಪೆನ್ಸರ ಕಾಲ 45.5 ಸೆಕೆಂಡು. ಆ ವೇಗದಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲೆಂದರೆ ಒಂದು ಮೀಟರಿಗಿಂತಲೂ ಕಡಿಮೆ. ಪದಕವು ಕೈತಪ್ಪಿದುದು ಅಷ್ಟರಲ್ಲಿಯೇ!

ಸರಿಯಾದ ಅಳತೆಗೆ ಹಣದ ವೆಚ್ಚ ಬಹಳವಿಲ್ಲ. ಮೈದಾನದ ನಡುವೆ 40 ಮೀಟರ್ ಅಂತರದಲ್ಲಿ ಎರಡು ಗೂಟಗಳನ್ನು ನೆಡಿರಿ. ಹಗ್ಗವು ಎಳೆದಂತೆ ಉದ್ದವಾಗುವುದರಿಂದ, 18.90 ಮೀಟರಿನ ತಂತಿಯನ್ನು ಗೂಟಕ್ಕೆ ಕಟ್ಟಿ, ಎರಡೂ ಹೊರಬದಿಗಳಲ್ಲಿ ಸುಣ್ಣದಿಂದ ಅರ್ಧವೃತ್ತಗಳನ್ನು ಎಳೆಯಿರಿ. ಅವುಗಳ ತುದಿಗಳು ಗೂಟಗಳ ಸಾಲಿಗೆ ಲಂಬವಾಗಿರಬೇಕು. 3, 4, 5 ಮೀಟರ್ ಭುಜಗಳ ತ್ರಿಕೋನದಿಂದ ಅದನ್ನು ಪರೀಕ್ಷಿಸಬಹುದು. ತುದಿಗಳನ್ನು ನೇರ ಗೆರೆಗಳಿಂದ ಜೋಡಿಸಿರಿ. ಸುಣ್ಣದ ಗೆರೆ ಮಾತ್ರವಿರುವಲ್ಲಿ ಅಳತೆಯು ಗೆರೆಯಿಂದ 20 ಸೆಂಟಿಮೀಟರ್ ಹೊರಗೆ. ಆಗ ತ್ರಿಜ್ಯ 19.10 ಮೀಟರ್, ಎರಡು ತಿರುವುಗಳು ಸೇರಿ 120 ಮೀಟರ್, ನೇರ ಭಾಗಗಳು 80 ಮೀಟರ್. ಒಟ್ಟು 200 ಮೀಟರ್. ಗಣಿತದ ತರಗತಿಯಲ್ಲಿ ಕಲಿತ ಪರಿಧಿಯ ಸೂತ್ರವು ಇಲ್ಲಿ ಕಾಲಿಗೆ ಉಪಯೋಗವಾಗುವುದು!

ಹಾಗಾದರೆ ಗಡಿಯಾರವು ನಿರರ್ಥಕವೇ? ಅಲ್ಲ. ಕಾಲವನ್ನು ಅದು ಚೆನ್ನಾಗಿ ಅಳೆಯುತ್ತದೆ. ಒಂದೊಂದು ಸುತ್ತು ಮುಗಿದಾಗಲೂ ಗುಂಡಿಯನ್ನು ಒತ್ತಿ ಸುತ್ತಿನ ಕಾಲವನ್ನು ಬರೆದಿಡಿರಿ. ಅಳೆದ ಟ್ರ್ಯಾಕಿನಲ್ಲಿ ಹತ್ತು ಸುತ್ತು ಓಡಿ, ಗಡಿಯಾರವು 2000 ಮೀಟರಿಗೆ ಬದಲಾಗಿ ಏನು ತೋರಿಸುವುದೆಂದು ನೋಡಿರಿ. ಬೇರೆ ಬೇರೆ ದಿನಗಳಲ್ಲಿ ಮೂರು ಸಲ ಹೀಗೆ ಮಾಡಿದರೆ ಅದರ ಗುಣವು ತಿಳಿಯುವುದು. ದೂರವನ್ನು ನೆಲದಿಂದ ತಿಳಿಯಿರಿ, ಕಾಲವನ್ನು ಗಡಿಯಾರದಿಂದ ತಿಳಿಯಿರಿ.

ತಂದೆತಾಯಿಗಳಲ್ಲಿ ನಮ್ಮದೊಂದು ಅರಿಕೆ. ಮಗುವಿನ ಪ್ರಯತ್ನವನ್ನು ಜರೆಯುವ ಮೊದಲು ಅದನ್ನು ಅಳೆದ ಅಳತೆಯನ್ನು ಒಮ್ಮೆ ಪರೀಕ್ಷಿಸಬೇಕು. ಆ ಹುಡುಗನು ಈಗ ಸುಣ್ಣದ ಗೆರೆಯ ಮೇಲೆ ಏಳೂವರೆ ಸುತ್ತು ಓಡುತ್ತಾನೆ. ಗೆರೆಯ ಪಕ್ಕದಲ್ಲಿ ನಿಂತು ಸುತ್ತುಗಳನ್ನು ಎಣಿಸುವವರು ಅವನ ತಂದೆಯವರೇ.